ರಾಣಿಯ ಹೆಗಲು

ಟೀವಿ ಸೀರಿಯಲ್ಲಿನವರು ಶೂಟಿಂಗಿಗೆಂದು ನಮ್ಮೂರಿಗೆ ಬಂದ ಮೊದಲ ದಿನ ಹೆಂಗಸರೆಲ್ಲ ಹೊಂಡದ ಮೆಟ್ಟಿಲ ಮೇಲೆ ಕುಳಿತು ಉಸಿರು ಬಿಗಿಹಿಡಿದು ನೋಡಿದ್ದು ರಾಜನನ್ನಲ್ಲ, ರಾಣಿಯನ್ನೂ ಅಲ್ಲ, ರಾಣಿಯ ಕುತ್ತಿಗೆಯನ್ನು. ರಾಜನ ವೇಷದವನು ಹಿಂದಿನಿಂದ ಬಂದು ಆಕೆಯ ಕುತ್ತಿಗೆಯ ಮೇಲೆ ಕೈಯಾಡಿಸಬೇಕು, ಆಕೆ ಕಣ್ಣು ಮುಚ್ಚಿ ಅವನ ಎದೆಗೆ ಒರಗಬೇಕು. ಅಷ್ಟೇ. ಅದನ್ನೇ ಬೆಳಗಿನಿಂದ ಏಳು ಸಲ ಮಾಡಿದರು. ಏಳನೆಯ ಸಲ "ಕಟ್" ಎಂದ ಕೂಡಲೇ ಹೂಗಾರ ಗೌರವ್ವ ತಡೆಯಲಾರದೆ ಎದ್ದು ಹೋಗಿ ರಾಣಿಯ ಜಡೆ ಸರಿಸಿ ನೋಡಿಯೇಬಿಟ್ಟಳು. ಕುತ್ತಿಗೆ ತೊಳೆದ ತಟ್ಟೆಯಂತಿತ್ತು. "ಏಳು ಸಲ ಮುಟ್ಟ್ಯಾನ! ಒಂದು ಬೆರಳರ ಮೂಡಬೇಕಲ್ಲವ್ವಾ?" ಎಂದು ಕೂಗಿದಳು. ಆ ಹುಡುಗಿ, ವಸುಧಾರಾ ಅಂತ ಹೆಸರು, ಕಿಲಕಿಲ ನಕ್ಕು, "ಅಜ್ಜಿ, ಇದು ಬರೀ ಆ್ಯಕ್ಟಿಂಗು. ಮನಸ್ಸಲ್ಲಿ ಏನೂ ಇರಲ್ಲ" ಎಂದಳು. ಗೌರವ್ವ ತಿರುಗಿ ಬಂದು ಕುಳಿತು, "ಮನಸ್ಸಿನಾಗ ಇರೂದಿಲ್ಲಂತ. ಮಾರಿ ಮ್ಯಾಲ ನೋಡಿದ್ರ ಪ್ರೀತಿ ಸುರಿಯಾಕ ಹತ್ತಿತ್ತು" ಎಂದಳು. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಪ್ರೀತಿಯಿಂದ ಮುಟ್ಟಿದ ಕೈ ಮೈ ಮೇಲೆ ಅಳಿಯದ ಗುರುತಾಗಿ ಮೂಡುತ್ತದೆ. ಮನಸ್ಸಿಲ್ಲದ ಕೈ ಮುಟ್ಟಿದ ಜಾಗ ಹೇಗೆ ಬೋಳಾಗಿ ಉಳಿಯುತ್ತದೆ, ಅದನ್ನು ಮುಚ್ಚಲು ಏನೇನು ಬೇಕು ಎಂದು ನಮ್ಮೂರಿನಲ್ಲಿ ನನ್ನಷ್ಟು ತಿಳಿದವರು ಇರಲಿಲ್ಲ.

ನನ್ನನ್ನು ತಿಪ್ಪವ್ವಾಯಿ ಎನ್ನುತ್ತಿದ್ದರು. ಹೊರಗಿನವರ ಕಣ್ಣಿಗೆ ನಾನು ನೂಲಿಗೆ ಬಣ್ಣ ಹಾಕುವ ಮುದುಕಿ. ಮಧ್ಯಾಹ್ನ ಗಂಡಸರು ಹೊಲಕ್ಕೋ ಮಗ್ಗಕ್ಕೋ ಹೋದ ಹೊತ್ತಿನಲ್ಲಿ ಕೆಲವು ಹೆಂಗಸರು ನೂಲಿನ ಲಡಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಬಾಗಿಲು ಹಾಕಿಕೊಂಡು, ಎಡ ಹೆಗಲಿನ ಸೆರಗು ಸರಿಸಿ, ನನ್ನ ಎದುರು ಕೂರುತ್ತಿದ್ದರು. ನಾನು ಎಡಗೈಯಿಂದ ಆ ಹೆಗಲನ್ನು ಅಲುಗಾಡದಂತೆ ಹಿಡಿದು, ಬಲಗೈಯಲ್ಲಿ ಕೋಳಿಗರಿ ಹಿಡಿದು, ಕಾಚು, ಅರಿಶಿನ, ಸುಣ್ಣ ಕಲಸಿದ ಬಣ್ಣದಲ್ಲಿ ಐದು ಬೆರಳು, ಒಂದು ಅಂಗೈ ಬರೆಯುತ್ತಿದ್ದೆ. ಹದಿನೈದು ದಿನ ಇರುತ್ತಿತ್ತು. ಮಾಸುವ ಮುಂಚೆ ಮತ್ತೆ ಬರುತ್ತಿದ್ದರು, ಹಳೆಯದರ ಮೇಲೇ ಹೊಸದನ್ನು ಬರೆಯುತ್ತಿದ್ದೆ. ಹೀಗೆ ಬರುವವರು ಒಂಬತ್ತು ಮಂದಿ. ಒಬ್ಬಳು ಬರುವುದು ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ಪ್ರತಿಯೊಬ್ಬಳೂ ಈ ಊರಿನಲ್ಲಿ ಗುರುತು ಬಾರದ ಹೆಣ್ಣು ತಾನೊಬ್ಬಳೇ ಎಂದುಕೊಂಡು ಬದುಕುತ್ತಿದ್ದಳು.

ನಮ್ಮಲ್ಲಿ ಮದುವೆಯ ದಿನ ಗಂಡ ಹೆಂಡತಿಯ ಹೆಗಲ ಮೇಲೆ ಕೈಯಿಡುತ್ತಾನೆ, ಹೆಂಡತಿ ಗಂಡನ ಮುಂಗೈ ಹಿಡಿಯುತ್ತಾಳೆ. ಕೆಲವರಿಗೆ ಅಲ್ಲೇ ಮೂಡುತ್ತದೆ, ಕೆಲವರಿಗೆ ತಿಂಗಳು ಹಿಡಿಯುತ್ತದೆ. ಜಗಳವಾಡಿ ಜಗಳವಾಡಿ ನಾಲ್ಕನೆಯ ವರ್ಷಕ್ಕೆ ಮೂಡಿದ್ದನ್ನೂ ನಾನು ಕಂಡಿದ್ದೇನೆ. ಬಾಣಂತಿಯರ ಕೈ ಮಕ್ಕಳ ತೊಡೆಯ ಮೇಲೆ, ಅಜ್ಜಂದಿರ ಬೆರಳು ಮೊಮ್ಮಕ್ಕಳ ಗಲ್ಲದ ಮೇಲೆ ಮೂಡುವುದು ನಮಗೇನೂ ದೊಡ್ಡ ಸಂಗತಿಯಲ್ಲ. ಆದರೆ ಏಳನೆಯ ವರ್ಷ ಮುಗಿಯುವ ದಿನ ಊರಿನ ಯಜಮಾನ ಸೋಮನಿಂಗಪ್ಪನ ಮುಂದೆ ಹೆಂಡತಿಯಾದವಳು ಹೆಗಲು ತೋರಿಸಬೇಕು. ಗುರುತು ಇಲ್ಲದಿದ್ದರೆ ಆಕೆಯನ್ನು ಹಳ್ಳ ದಾಟಿಸಿ ಕಳಿಸುತ್ತಾರೆ. ಮಕ್ಕಳು ಈಚೆಗೇ ಉಳಿಯುತ್ತವೆ. ಸುಳ್ಳು ಗುರುತು ಎಂದು ಗೊತ್ತಾದರೆ ಯಾವ ವರ್ಷವಾದರೂ ಸರಿ, ಬರೆಸಿಕೊಂಡವಳಿಗೂ ಬರೆದವಳಿಗೂ ಅದೇ ಹಳ್ಳ. ಕೊಟ್ರವ್ವ ಎಂಬಾಕೆಯನ್ನು ದಾಟಿಸಿದಾಗ ನಾನು ಇನ್ನೂ ನಡುವಯಸ್ಸಿನವಳು. ಆಕೆ ಆಚೆಯ ದಂಡೆಯಲ್ಲಿ ಮೂರು ದಿನ ಕುಳಿತಿದ್ದಳು. ಈಚೆ ಮಗಳು ನಿಂತುಕೊಂಡು "ಅವ್ವಾ, ಹಸಿವು" ಎನ್ನುತ್ತಿತ್ತು. ನಾಲ್ಕನೆಯ ದಿನ ಆಚೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಮಗು ಮಾತ್ರ ಇನ್ನೂ ಎಷ್ಟೋ ದಿನ ಹೋಗಿ ನಿಲ್ಲುತ್ತಿತ್ತು.

ನೀಲಗಂಗಾ ನನ್ನಲ್ಲಿಗೆ ಬಂದದ್ದು ಮದುವೆಯಾದ ಆರನೆಯ ವರ್ಷ. ಮಗಳು ಚಂಪಾ ಆಗ ಸೊಂಟದ ಮೇಲಿದ್ದಳು. ಗಂಡ ಫಕೀರಪ್ಪ ಕೆಟ್ಟವನಲ್ಲ. ಹೊಡೆಯುವವನಲ್ಲ, ಬಯ್ಯುವವನಲ್ಲ, ಉಂಡೆಯಾ ಎಂದು ಕೇಳದೆ ತಾನು ಉಣ್ಣುವವನಲ್ಲ. ಆಕೆಯ ಬೆರಳು ಅವನ ಮುಂಗೈ ಮೇಲೆ ಮದುವೆಯಾದ ಮೂರನೆಯ ದಿನವೇ ಮೂಡಿದ್ದವು. ಅವನದು ಆಕೆಯ ಮೇಲೆ ಮೂಡಲಿಲ್ಲ. "ಪಾಪ, ದಿನಾ ಕೈ ಇಡ್ತಾರ ಆಯಿ. ಕಣ್ಣು ಮುಚ್ಕೊಂಡು, ಹಲ್ಲು ಕಚ್ಚಿ ಇಡ್ತಾರ. ಆಮ್ಯಾಲ ದೀಪ ಹಿಡದು ನೋಡ್ತಾರ. ಮೂಡಿರಂಗಿಲ್ಲ. ಹೊರಗ ಹೋಗಿ ಕುಂದರ್ತಾರ" ಎಂದು ಮೊದಲ ದಿನ ಹೇಳಿ ಅತ್ತಿದ್ದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಐದು ವರ್ಷ ಹದಿನೈದು ದಿನಕ್ಕೊಮ್ಮೆ ಬಂದಳು. ಬರೆಸಿಕೊಳ್ಳುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ; ಮಗಳ ತುಂಟತನ, ಎಮ್ಮೆಯ ಹಟ, ಅತ್ತೆಯ ಗೊರಕೆ ಎಲ್ಲ ಹೇಳುತ್ತಿದ್ದಳು. ಹೋಗುವ ಮುಂಚೆ ನನ್ನ ಮಂಡಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದಳು. ಆಕೆ ಬರುವ ದಿನ ನಾನು ಬೆಳಗಿನಿಂದಲೇ ಬಾಗಿಲ ಕಡೆ ಕಿವಿ ಇಟ್ಟಿರುತ್ತಿದ್ದೆ. ನನ್ನ ಹೊಸ್ತಿಲ ಮೇಲೆ ಆಗಾಗ ಯಾರೋ ಕಾಚಿನ ಪೊಟ್ಟಣ ಇಟ್ಟು ಹೋಗುತ್ತಿದ್ದರು. ಅದು ಫಕೀರಪ್ಪ ಎಂದು ನನಗೆ ಗೊತ್ತು. ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೀರಿಯಲ್ಲಿನ ಡೈರೆಕ್ಟರು ಸುಧೀಂದ್ರ ಮೆತ್ತಗೆ ಮಾತಾಡುವ ಸಣಕಲು ಮನುಷ್ಯ. ನಮ್ಮೂರ ಗುರುತುಗಳನ್ನು ಕಂಡದ್ದೇ ಅವನಿಗೆ ಹುಚ್ಚು ಹಿಡಿದಂತಾಯಿತು. ಕಥೆಯನ್ನೇ ತಿದ್ದಿದ. ರಾಜ ಹೊಂಡದಲ್ಲಿ ರಾಣಿಯ ಹೆಗಲಿಗೆ ನೀರು ಹೊಯ್ದು, ಕೈಯಿಟ್ಟು, ಮೆಲ್ಲಗೆ ಕೈ ಎತ್ತಬೇಕು. ಕೆಳಗೆ ಅವನ ಬೆರಳು ಮೂಡಿರಬೇಕು. "ಇದನ್ನ ಯಾವ ಮೇಕಪ್ಪಲ್ಲೂ ತರಕ್ಕಾಗಲ್ಲ" ಎಂದು ಎಲ್ಲರ ಮುಂದೆ ಹೇಳಿದ. ವಸುಧಾರಾಳ ಹೆಗಲಲ್ಲಿ ಏನೂ ಇಲ್ಲವಲ್ಲ, ಅದಕ್ಕೆ ಮುಖ ಮಾತ್ರ ಆಕೆಯದು, ಹೆಗಲು ನಮ್ಮೂರ ಹೆಣ್ಣಿನದು. ಪರಗಂಡಸು ಮುಟ್ಟುವಂತಿಲ್ಲ ಎಂದು ಯಜಮಾನ ಹೇಳಿದ್ದರಿಂದ ಕೈ ಆಕೆಯ ಗಂಡನದೇ ಆಗಲಿ ಎಂದಾಯಿತು.

ಹೆಂಗಸರು ನಾಚಿಕೊಂಡು, ತಳ್ಳಾಡಿಕೊಂಡು ಹೆಗಲು ತೋರಿಸಲು ಸಾಲಾಗಿ ನಿಂತರು. ನೀಲಗಂಗಾ ನನ್ನ ಬೆನ್ನ ಹಿಂದೆ ಅಡಗಿದಳು. ಗೌರವ್ವ ಬಿಡಬೇಕಲ್ಲ! ರಟ್ಟೆ ಹಿಡಿದು ಎಳೆದು, "ಇಕೀ ಹೆಗಲಾ ನೋಡ್ರಿ ಸಾಹೇಬ್ರ. ನಮ್ಮವೆಲ್ಲ ಸಗಣಿ ಬಡದಂಗ ಅದಾವ, ಇಕೀದು ನೋಡ್ರಿ" ಎಂದು ಸೆರಗು ಸರಿಸಿಯೇಬಿಟ್ಟಳು. ಆಕೆ ಹೇಳಿದ್ದು ನಿಜ. ನಿಜವಾದ ಗುರುತುಗಳು ಮಸುಕಾಗಿ, ಅಂಚು ಕದಡಿದಂತೆ ಇರುತ್ತವೆ. ನಾನು ಬರೆದದ್ದು ಬೇರೆ. ಬೇರೆಯವರಿಗೆ ಸೊಟ್ಟಪಟ್ಟ ಬರೆದು ಮುಗಿಸುತ್ತಿದ್ದವಳು ಇವಳಿಗೆ ಮಾತ್ರ ಉಗುರಿನ ಕಮಾನನ್ನೂ ಬಿಡದೆ ಬರೆದಿದ್ದೆ. ಅದು ನಾನು ಮಾಡಿದ ತಪ್ಪು. ಡೈರೆಕ್ಟರು ಹತ್ತಿರ ಬಂದು ನೋಡಿ, "ಅಬ್ಬಾ, ಬರೆದ ಹಾಗಿದೆ!" ಎಂದ. ನೀಲಗಂಗಾ, "ನಾ ಒಲ್ಲೆರಿ" ಎಂದಳು. ಯಜಮಾನ ಸೋಮನಿಂಗಪ್ಪ ಕೋಲು ಊರಿ, "ಯಾಕ ಒಲ್ಲಿ? ನಮ್ಮೂರ ಗುರುತು ನಾಡೆಲ್ಲ ನೋಡ್ಲಿ. ಮುಚ್ಚಿಡೂವಂಥಾದ್ದು ಏನೈತಿ ಅದರಾಗ?" ಎಂದ. ಸುಮ್ಮನೆ ಕೇಳಿದನೋ, ತಿಳಿದು ಕೇಳಿದನೋ. ಆಕೆ ತಲೆ ತಗ್ಗಿಸಿ ಹೂಂ ಎಂದಳು.

ಅಂದು ಮಧ್ಯಾಹ್ನವೇ ಓಡಿಬಂದಳು. ಚಂಪಾ ಸೆರಗು ಹಿಡಿದುಕೊಂಡು ಹಿಂದೆಯೇ ಬಂದಿತ್ತು. "ಆಯಿ, ನಮ್ಮವ್ವ ರಾಣಿ ಆಗ್ತಾಳಂತ. ನಾ ಏನಾಗ್ಲಿ?" ಎಂದು ಕೇಳಿತು. ಬೆಲ್ಲ ಕೊಟ್ಟು ಹಿತ್ತಿಲಿಗೆ ಕಳಿಸಿದೆ. ನೀಲಗಂಗಾ ಬಾಗಿಲು ಹಾಕಿ, "ಅಗಸರು ಅರಿವಿಗೆ ಹಾಕ್ತಾರಲ್ಲ, ಆ ಗೇರೆಣ್ಣಿ ಹಚ್ಚು ಆಯಿ. ಅದು ನೀರಿಗೆ ಹೋಗಂಗಿಲ್ಲ" ಎಂದಳು. "ಹುಚ್ಚಿ, ಮೈ ಸುಟ್ಟು ಬೊಬ್ಬಿ ಏಳ್ತಾವ. ಕೈ ಮೂಡಿದಂಗ ಕಾಣಂಗಿಲ್ಲ, ಬರಿ ಎಳದಂಗ ಕಾಣತೈತಿ." "ಸುಡಲಿ. ಸುಟ್ರ ಸುಡಲಿ. ನನ್ನ ಕೂಸು ದಂಡಿ ಮ್ಯಾಲ ನಿಂತು ಕರಿಯೂದು ಬ್ಯಾಡ." ಆಕೆಯ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಹೆಗಲು ಹಿಡಿದುಕೊಂಡೆ. ನಡುಗುವುದು ನಿಲ್ಲುವ ತನಕ ಹಿಡಿದೇ ಇದ್ದೆ. ಆಮೇಲೆ ಬಣ್ಣಕ್ಕೆ ಜೇನುಮೇಣ ಕರಗಿಸಿ ಸೇರಿಸಿ, ಮೂರು ಪದರ ಬರೆದೆ. "ತಣ್ಣೀರಿಗೆ ಇದು ಜಗ್ಗಂಗಿಲ್ಲ" ಎಂದೆ. "ಹೊಂಡದ ನೀರ ತಾನ?" "ಹೊಂಡದ ನೀರ." "ತಣ್ಣಗ ಇರತೈತಿ ತಾನ?" "ಇರತೈತಿ." ಇದನ್ನೇ ನಾಲ್ಕು ಸಲ ಕೇಳಿದಳು.

ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಊರಿಗೆ ಊರೇ ಮೆಟ್ಟಿಲ ಮೇಲೆ ಕುಳಿತಿತ್ತು. ಮುಂದಿನ ಸಾಲಿನಲ್ಲಿ ಯಜಮಾನ. ಶಾಟ್ ಆದಾಗಲೆಲ್ಲ ಹೆಣ್ಣುಮಗಳಿಗೆ ವಸ್ತ್ರ ಹೊದಿಸಲು ಹಿರಿಯ ಹೆಂಗಸು ಬೇಕು ಎಂದು ನಾನೇ ಮುಂದಾಗಿ ಕೇಳಿ ನೀರಿನಂಚಿನಲ್ಲಿ ನಿಂತಿದ್ದೆ. ನೀಲಗಂಗಾ ರಾಣಿಯ ಬಿಳಿ ಸೀರೆಯಲ್ಲಿ ಸೊಂಟದ ತನಕ ನೀರಿನಲ್ಲಿ ಕುಳಿತಿದ್ದಳು, ಎಡ ಹೆಗಲು ಬರಿದು. ಹಿಂದೆ ಫಕೀರಪ್ಪ, ಕೈಗೆ ರಾಜನ ಕಡಗ, ಬೆರಳಿಗೆ ಗಾಜಿನ ಕೆಂಪು ಹರಳಿನ ಉಂಗುರ. ಡೈರೆಕ್ಟರು, "ನಿಮ್ಮ ಹೆಂಡ್ತೀನೇ ಅಲ್ವಾ ಸ್ವಾಮಿ? ಯಾಕೆ ಹೆದರ್ತೀರಾ? ಪ್ರೀತಿಯಿಂದ ಮುಟ್ಟಿ" ಎಂದ. ಮೇಲಿನಿಂದ ಗೌರವ್ವ, "ಮನ್ಯಾಗ ಮುಟ್ಟಿದಂಗ ಮುಟ್ಟೋ ಫಕೀರಾ!" ಎಂದು ಕೂಗಿದಳು. ಮೆಟ್ಟಿಲುಗಳೆಲ್ಲ ನಕ್ಕವು. ಫಕೀರಪ್ಪನ ಮುಖ ಬೂದಿಯಾಯಿತು.

ಮೊದಲ ಸಲ ನೀರು ಹೊಯ್ದಾಗ ಮೇಣ ಹಿಡಿದು ನಿಂತಿತು. ಉಂಗುರ ಮಿಂಚಿತು ಎಂದು ಮತ್ತೆ ಮಾಡಿಸಿದರು. ಎರಡನೆಯ ಸಲವೂ ನಿಂತಿತು. ವಸ್ತ್ರ ಹೊದಿಸುವ ನೆಪದಲ್ಲಿ ಬಗ್ಗಿ ನೋಡಿ, "ಗಟ್ಟಿ ಐತಿ" ಎಂದು ಕಿವಿಯಲ್ಲಿ ಹೇಳಿದೆ. ಆಕೆಯ ಕಣ್ಣು ನೀರಿನ ಮೇಲೆ ನೆಟ್ಟಿದ್ದವು. ಮೂರನೆಯ ಸಲ ಡೈರೆಕ್ಟರು ತಲೆ ಅಲ್ಲಾಡಿಸಿ, "ಮೈಯೆಲ್ಲ ನಡುಗ್ತಿದೆ. ಚಳಿ ಆಗ್ತಿದೆ ಪಾಪ. ಹಬೆ ಇದ್ರೆ ಚೆನ್ನಾಗೂ ಕಾಣತ್ತೆ. ಬಿಸಿನೀರು ತನ್ನಿ" ಎಂದ. "ಸಾಹೇಬ್ರ, ತಣ್ಣೀರ ಚಲೋ ಐತ್ರಿ. ನಮ್ಮ ಹುಡುಗಿಗೆ ರೂಢಿ ಐತಿ" ಎಂದೆ. "ಅಯ್ಯೋ ಅಮ್ಮಾ, ಹಾಯಾಗಿರ್ಲಿ ಬಿಡಿ" ಎಂದು ನನ್ನ ಬೆನ್ನು ತಟ್ಟಿದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಎರಡು ತಾಮ್ರದ ಹಂಡೆ ಹಬೆಯಾಡುತ್ತ ಬಂದವು.

ನೀರು ಹೊಯ್ದರು. ಹಬೆಯೆದ್ದಿತು. ಫಕೀರಪ್ಪ ಹೆಗಲ ಮೇಲೆ ಕೈಯಿಟ್ಟ. ಎರಡು ಉಸಿರು ಎಣಿಸಿ ಮೆಲ್ಲಗೆ ಎತ್ತಬೇಕು ಎಂದು ಹೇಳಿಕೊಟ್ಟಿದ್ದರು. ಅವನು ಎತ್ತಲಿಲ್ಲ. ಅವನ ಬೆರಳ ಸಂದಿನಿಂದ ಕಂದು ಬಣ್ಣದ ಒಂದು ಎಳೆ ಇಳಿದು ಆಕೆಯ ಬೆನ್ನಗುಂಟ ಹೋಯಿತು. ಅಂಗೈ ಕೆಳಗೆ ಮೇಣ ಜಾರುವುದು ಅವನಿಗೆ ತಿಳಿದಿತ್ತು. "ಕೈ ಎತ್ತಿ" ಎಂದ ಡೈರೆಕ್ಟರು. ಎತ್ತಲಿಲ್ಲ. "ಸ್ವಾಮಿ, ಕೈ ಎತ್ತಿ. ನಿಧಾನಕ್ಕೆ." ಎತ್ತಲಿಲ್ಲ. ನೀಲಗಂಗಾ ಕಣ್ಣು ಮುಚ್ಚಿದಳು. ಮೆಟ್ಟಿಲ ಮೇಲೆ ಮೊದಲು ಒಂದಿಬ್ಬರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಸೋಮನಿಂಗಪ್ಪ ಎದ್ದು ನಿಂತ. "ಫಕೀರಪ್ಪಾ, ಕೈ ತಗಿ." ಫಕೀರಪ್ಪ ನನ್ನ ಕಡೆ ನೋಡಿದ. ಎಪ್ಪತ್ತು ವರ್ಷದಲ್ಲಿ ಅಂಥ ನೋಟವನ್ನು ನಾನು ಕಂಡಿಲ್ಲ. ನಾನು ಏನು ಮಾಡಲಿ? ವಸ್ತ್ರ ಹಿಡಿದು ನಿಂತಿದ್ದೆ. ಕೋಲು ಕಲ್ಲಿಗೆ ಕುಟ್ಟಿತು. "ತಗಿ ಅಂದೆ."

ಅವನು ಕೈ ತೆಗೆದ.

ಹೆಗಲು ಬೋಳಾಗಿರಲಿಲ್ಲ. ನಾನು ಬರೆದದ್ದು ಪೂರ್ತಿ ಹೋಗಿತ್ತು, ಒಂದು ಉಗುರೂ ಉಳಿದಿರಲಿಲ್ಲ. ಅದರ ಅಡಿಯಲ್ಲಿ, ಐದು ವರ್ಷ ಯಾರೂ ಬರಿದಾಗಿ ಕಾಣದ ಆ ಚರ್ಮದ ಮೇಲೆ, ಮಸುಕಾಗಿ, ಅಂಚು ಕದಡಿದಂತೆ ಒಂದು ಕೈ ಇತ್ತು. ಗಂಡಸಿನ ಕೈಯಷ್ಟು ಅಗಲವಿಲ್ಲ. ಹಿಂದೆ ನಿಂತು ಇಟ್ಟ ಕೈಯಾದರೆ ಬೆರಳುಗಳು ಎದೆಯ ಕಡೆ ಇಳಿಯಬೇಕು. ಇದರ ಹೆಬ್ಬೆರಳು ಕೊರಳಿನ ಎಲುಬಿನ ಮೇಲಿತ್ತು, ನಾಲ್ಕು ಬೆರಳು ಹೆಗಲು ದಾಟಿ ಬೆನ್ನಿಗೆ ಇಳಿದಿದ್ದವು. ಎದುರು ಕುಳಿತವರು ಅಲುಗದಂತೆ ಹಿಡಿದ ಕೈ ಅದು. ವಸ್ತ್ರದ ಕೆಳಗೆ ನನ್ನ ಎಡಗೈ ತಾನಾಗಿ ಮುಷ್ಟಿ ಕಟ್ಟಿತು.

"ಛೇ, ಮೊದ್ಲು ಎಷ್ಟು ಚೆನ್ನಾಗಿ ಕಾಣ್ತಿತ್ತು. ಈಗ ಯಾಕೋ ಚಿಕ್ಕದಾಗಿದೆ" ಎಂದ ಡೈರೆಕ್ಟರು, ಎಲ್ಲರಿಗೂ ಕೇಳುವಂತೆ. ಯಜಮಾನ ಒಂದೊಂದೇ ಮೆಟ್ಟಿಲು ಇಳಿದು ಬಂದ. ನೀರಿಗೆ ಕಾಲಿಟ್ಟ. ನೀಲಗಂಗಾಳ ಬೆನ್ನಿನ ಮೇಲೆ ಇಳಿದ ಕಂದು ಗೆರೆಯನ್ನು ನೋಡಿದ, ರಾಣಿಯ ಸೀರೆಗೆ ಹತ್ತಿದ ಕಲೆಯನ್ನು ನೋಡಿದ. ಬಗ್ಗಿ, ಆ ಗುರುತಿನ ಮೇಲೆ ತನ್ನ ಹೆಬ್ಬೆರಳು ಒತ್ತಿ ತಿಕ್ಕಿದ. ಹೋಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ತಿಕ್ಕಿದ. ಹೋಗಲಿಲ್ಲ. "ಫಕೀರಪ್ಪಾ, ಇದರ ಮ್ಯಾಲ ಕೈ ಇಡು." ಫಕೀರಪ್ಪ ಇಟ್ಟ. ಅವನ ಅಗಲದ ಕೈ ಅದನ್ನು ಪೂರ್ತಿ ಮುಚ್ಚಿಬಿಟ್ಟಿತು, ಅಳೆಯಲು ಏನೂ ಉಳಿಯಲಿಲ್ಲ. ಯಜಮಾನ ಆ ಕೈಯನ್ನು ಬಹಳ ಹೊತ್ತು ನೋಡಿದ. ಮೆಟ್ಟಿಲ ಕಡೆ ತಿರುಗಿ, "ಐತಿ" ಎಂದ. ಅಷ್ಟೇ ಹೇಳಿದ್ದು. ಯಾರದು ಎಂದು ಹೇಳಲಿಲ್ಲ. ಜನ ಉಸಿರು ಬಿಟ್ಟರು. ಮೇಲೆ ಹತ್ತಿ ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಂತು, ನನ್ನ ಮುಖ ನೋಡದೆ, ಸಣ್ಣ ದನಿಯಲ್ಲಿ, "ತಿಪ್ಪವ್ವಾ, ಕೈ ತೊಳಕೋ" ಎಂದ.

ತೊಳೆದುಕೊಂಡೆ. ಉಗುರಿನ ಸಂದಿಯ ಕಾಚು ಹೋಗುವ ತನಕ ಮರಳು ಹಾಕಿ ತಿಕ್ಕಿದೆ. ಮೂರು ದಿನ ಬಾಗಿಲು ತೆರೆಯಲಿಲ್ಲ. ಹೊರಗೆ ಕೋಲಿನ ಸದ್ದಾದರೆ ಇವತ್ತೇ ಹಳ್ಳ ದಾಟಿಸಲು ಬಂದರು ಎಂದು ಗಂಟು ಕಟ್ಟಿಟ್ಟ ಸೀರೆಯ ಮೇಲೆ ಕೈಯಿಡುತ್ತಿದ್ದೆ. ನಾಲ್ಕನೆಯ ದಿನ ಬಂದವನು ಫಕೀರಪ್ಪ. ಒಳಗೆ ಬಾರದೆ ಹೊಸ್ತಿಲ ಹೊರಗೇ ನಿಂತ. "ಅದು ನಂದಲ್ಲ ಅಂತ ನನಗ ಗೊತ್ತೈತಿ ಆಯಿ" ಎಂದ. "ಆಕೀಗೂ ಗೊತ್ತು. ದಿನಾ ಕನ್ನಡಿ ಹಿಡದು ನೋಡ್ಕೋತಾಳ, ನೋಡಿ ಅಳ್ತಾಳ. ನಿನ್ನ ಕಡೆ ಬರಾಕ ಆಕೀಗೆ ಅಂಜಿಕಿ." "ಯಾಕಪ್ಪಾ, ಏನಂಜಿಕಿ?" "ಇನ್ನ ಬರಿಯೂದೇನಿಲ್ಲಲ್ಲ. ಯಾ ನೆಪಾ ಹೇಳಿ ಬರ್ಲಿ ಅಂತಾಳ." "ಮಂಡಿ ನೋಯ್ತಾವಂತ ಹೇಳು" ಎಂದೆ. ಅವನು ಹೋದ. ಸಂಜೆ ಆಕೆ ಬಂದಳು, ಎಣ್ಣೆಯ ಬಟ್ಟಲು ಹಿಡಿದು.

ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿ ಸಾಯುತ್ತಿದ್ದೆ. ಹದಿನೈದು ದಿನ ತುಂಬಿತು. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನೂಲಿನ ಲಡಿ ಕಂಕುಳಲ್ಲಿಟ್ಟುಕೊಂಡು ಒಬ್ಬಳು ನಿಂತಿದ್ದಳು. ಆಕೆಯ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು, ಬಾಯಿಬಡುಕಿ ಗೌರವ್ವ, ಅಂದು ಮಾತ್ರ ಬಾಯಿ ಮುಚ್ಚಿಕೊಂಡು. ನೀಲಗಂಗಾಳನ್ನು ಬಿಟ್ಟು ಉಳಿದ ಎಂಟೂ ಮಂದಿ ಒಬ್ಬರನ್ನೊಬ್ಬರು ನೋಡುತ್ತ, ನಂಬಲಾರದೆ, ಅಂಗಳದಲ್ಲಿ ನಿಂತಿದ್ದರು. ಹೊಂಡದ ಮೆಟ್ಟಿಲ ಮೇಲೆ ಅಂದು ಬೇರೆ ಯಾರಿಗೂ ಅರ್ಥವಾಗದ್ದು ಇವರಿಗೆ ಅರ್ಥವಾಗಿತ್ತು; ನನ್ನ ಕೈ ಹೇಗೆ ಹಿಡಿಯುತ್ತದೆ ಎಂದು ಇವರ ಹೆಗಲಿಗೆ ಗೊತ್ತಿತ್ತು. ನಾನು ಎಂದಿನಂತೆ ಬಣ್ಣದ ಬಟ್ಟಲಿಗೆ ಕೈ ಹಾಕಿದೆ. ಗೌರವ್ವ ನನ್ನ ಕೈ ಹಿಡಿದಳು. "ಬರಿಯೂದು ಬ್ಯಾಡ ಆಯಿ. ಬಿಸಿನೀರು ಕಾಸು. ಒರಸಿ ನೋಡು" ಎಂದಳು. ಅವಳ ದನಿಯಲ್ಲಿ ಅಷ್ಟು ಆಸೆ ನಾನು ಎಂದೂ ಕೇಳಿರಲಿಲ್ಲ.

ನೀರು ಕಾಯಿತು. ಎಂಟು ಮಂದಿ ಗೋಡೆಯ ಕಡೆ ಮುಖ ಮಾಡಿ, ಎಡ ಹೆಗಲು ಬರಿದು ಮಾಡಿ ಕುಳಿತರು. ಅರಿವೆಯನ್ನು ಅದ್ದಿ ಹಿಂಡಿದೆ. ಎಷ್ಟು ವರ್ಷ ಈ ಹೆಗಲುಗಳನ್ನು ಹಿಡಿದಿದ್ದೆ! ಯಾವುದನ್ನು ಮನಸ್ಸಿಟ್ಟು ಹಿಡಿದಿದ್ದೆ, ಯಾವುದನ್ನು ಬೇಗ ಮುಗಿಯಲಿ, ಒಲೆಯ ಮೇಲೆ ಅನ್ನ ಸೀಯುತ್ತದೆ ಎಂದುಕೊಂಡು ಹಿಡಿದಿದ್ದೆ, ಯಾರ ಅಳು ಕೇಳುತ್ತ ಆಕಳಿಸಿದ್ದೆ, ನೆನಪು ಮಾಡಿಕೊಂಡೆ. ನನ್ನ ನೆನಪು ಕೆಟ್ಟದ್ದಲ್ಲ. ಒಂದೊಂದೂ ನೆನಪಾಯಿತು. ಮೊದಲ ಹೆಗಲು ಗೌರವ್ವನದೇ. ಆಕೆ ಉಸಿರಾಡದೆ ಕಾಯುತ್ತಿದ್ದಳು. ಅರಿವೆ ಹಿಡಿದ ನನ್ನ ಕೈ ಅವಳ ಹೆಗಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು, ಮುಂದೆ ಹೋಗಲೊಲ್ಲದು. "ಆಯಿ, ಯಾಕ ತಡಾ?" ಎಂದಳು ಗೌರವ್ವ.